ತೋಳದ ಹೆಜ್ಜೆ

ಸೈಕಲ್ಲಿನ ಹಿಂದೆ ಮರದ ಪೆಟ್ಟಿಗೆ, ಒಳಗೆ ನಲವತ್ತು ಸೀಸೆ.
ಏರಿಗೆ ಕಿಣಿಕಿಣಿ, ಇಳಿಜಾರಿಗೆ ಇನ್ನೂ ಜೋರು.
ಸಾವಾ ಹೊಳೆಯ ಪಕ್ಕದ ಆ ಹಳ್ಳಿಯಲ್ಲಿ
ನಾನು ಬರುವುದು ಮೊದಲು ನಾಯಿಗಳಿಗೆ ಗೊತ್ತಾಗುತ್ತಿತ್ತು,
ಆಮೇಲೆ ಹೆಂಗಸರಿಗೆ.
"ಉಚ್ಚೆ ನರ್ಸು ಬಂದಳು!" ಎಂದು ಕೂಗುತ್ತಿದ್ದವು ಹುಡುಗರು.
ಯಾಗೊಡಾ ಎಂಬ ನನ್ನ ಹೆಸರಿಗೆ
ಕೆಂಪು ಹಣ್ಣೆಂದು ಅರ್ಥ. ಹಾಗೆ ಯಾರೂ ಕರೆಯಲಿಲ್ಲ.

ಬೆಳಗಿನ ಮೊದಲ ನೀರೇ ಬೇಕು; ಸೀಸೆಗೆ ಮನೆಯ ಸಂಖ್ಯೆ.
ಹನ್ನೊಂದನೇ ಮನೆ: ಮಾತೊ, ಅವನ ತಮ್ಮ, ಅವರ ತಾಯಿ.
ಹನ್ನೆರಡು: ಯಾರಿಗೂ ಏನೂ ಇಲ್ಲ.
ಹದಿಮೂರು: ಸೊಸೆ. ಬೆಟ್ಟದ ಊರಿಂದ ಬಂದವಳು,
ಬಂದ ಇಪ್ಪತ್ತು ವರ್ಷಕ್ಕೆ.
ಬೇಲಿ ಒಂದೇ, ಬಾವಿ ಒಂದೇ,
ಗಾಳಿಯಂತೂ ಯಾರ ಅಪ್ಪನದೂ ಅಲ್ಲ.
ಸಾವು ಮಾತ್ರ ಬಾಗಿಲು ನೋಡಿ ನೋಡಿ ಬರುತ್ತಿತ್ತು.

ಬಾವಿಲ್ಲ, ನೋವಿಲ್ಲ.
ಅಂಗೈಗೆ ತಾಮ್ರದ ಬಣ್ಣ ಏರುವುದು, ಅಷ್ಟೇ,
ಸಂಜೆ ಬಿಸಿಲು ಅಲ್ಲೇ ಉಳಿದುಬಿಟ್ಟ ಹಾಗೆ.
ಒಳಗೆ ಎರಡು ಮೂತ್ರಪಿಂಡ
ಅಕ್ರೋಟಿನಷ್ಟಕ್ಕೆ ಮುದುಡಿ ಕೂತಿರುವುದು.
ಹನ್ನೊಂದನೇ ಮನೆಯಿಂದ ಯಾರೂ ಹೆಣ್ಣು ತರುತ್ತಿರಲಿಲ್ಲ.

ಝಾಗ್ರೆಬ್‌ನಿಂದ ಡಾಕ್ಟರರು ಬಂದರು,
ಒಬ್ಬೊಬ್ಬರೂ ಒಂದೊಂದು ಗುಮಾನಿ ಹೊತ್ತು.
ಬಾವಿಯ ನೀರು ಎಂದರೊಬ್ಬರು. ಬೆಟ್ಟದ ಕಲ್ಲಿದ್ದಲು.
ಅಟ್ಟದ ಜೋಳದ ಬೂಸ್ಟು. ಕಣ್ಣಿಗೆ ಕಾಣದ ವೈರಸ್ಸು.
ಗಡ್ಡದವನೊಬ್ಬ ಹೇಳಿದ: "ಮೈಯ ಕಾವಲುಗಾರ
ಮನೆಯವರನ್ನೇ ಕಳ್ಳರೆಂದು ಬಡಿಯುತ್ತಿದ್ದಾನೆ."
ಮಾತೊನ ಹೆಂಡತಿ ತೇನಾ ನಕ್ಕಳು:
"ಹಾಗಾದರೆ ಕುಡಿದಿದ್ದಾನೆ, ನಮ್ಮ ಮಾವನ ಹಾಗೆ."
ಆ ವರ್ಷ ಅವಳು ನಕ್ಕದ್ದು ಅದೊಂದೇ ಸಲ.

ಕೊನೆಗೆ ಬಂದಾಕೆ ನೆವೆಂಕಾ, ಕುಳ್ಳಿ, ಕೆಮ್ಮು ಬೇರೆ.
ನನ್ನ ಸೀಸೆಗಳನ್ನು ನೋಡಲೇ ಇಲ್ಲ.
ಕೊಯ್ಲಿನ ತಿಂಗಳು ಗೋಧಿ ಹೊಲದಲ್ಲಿ ಮೊಣಕಾಲೂರಿ
ಹಳದಿ ಹೂವಿನ ಕಳೆಯೊಂದರ ಕಾಯಿ ಸುಲಿದಳು,
ಬೀಜಗಳನ್ನು ಗೋಧಿಯ ಜೊತೆ ಅಂಗೈಯಲ್ಲಿ ಕಲೆಸಿ
ಗಿರಣಿಯ ಶಿಮಾನ ಮುಂದೆ ಹಿಡಿದಳು.
"ಬೇರೆ ಮಾಡು."
ಅವನು ಕನ್ನಡಕ ಹಾಕಿದ, ತೆಗೆದ, ಮತ್ತೆ ಹಾಕಿದ.
"ಇದಕ್ಕೆ ತೋಳದ ಹೆಜ್ಜೆ ಅಂತೀವಿ," ಅಂದ.
"ಕುದುರೆ ತಿಂದರೆ ಸೊರಗುತ್ತೆ. ಮನುಷ್ಯರು ಯಾಕೆ ತಿಂತಾರೆ?"

ಮಾತೊ ಸತ್ತು ಆಗ ಹನ್ನೆರಡು ವರ್ಷ.
ಅವನದೊಂದು ಚೂರು ಮೇಣದ ಬಿಲ್ಲೆಯಲ್ಲಿ
ಆಸ್ಪತ್ರೆಯ ನೆಲಮಾಳಿಗೆಯಲ್ಲಿತ್ತು.
ತೆಗೆದು ಓದಿದರು. ಜೀವಕೋಶದ ಬರಹದಲ್ಲಿ
ಮತ್ತೆ ಮತ್ತೆ ಅದೇ ಕಾಗುಣಿತದ ತಪ್ಪು,
ತಮ್ಮನ ಚೂರಲ್ಲೂ, ಹದಿಮೂರರ ಸೊಸೆಯಲ್ಲೂ,
ಒಬ್ಬನೇ ದಡ್ಡ ಹುಡುಗ
ಎಲ್ಲರ ಪಾಟಿಯ ಮೇಲೂ ಬರೆದ ಹಾಗೆ.

ಹನ್ನೆರಡನೇ ಮನೆಯವನು ರೈಲ್ವೆಯವನು.
ಪೇಟೆ ಅಂಗಡಿಯ ರೊಟ್ಟಿ ತಿನ್ನುತ್ತಾನೆ,
ಹೆಂಡತಿ ಸೋಮಾರಿ, ಹಿಟ್ಟು ನಾದಲು ಬರುವುದಿಲ್ಲ ಎಂದು
ಊರು ಆಡಿಕೊಳ್ಳುತ್ತಿತ್ತು. ನಾನೂ ಆಡಿಕೊಂಡಿದ್ದೆ.

ತೇನಾಳ ಅಡುಗೆಮನೆಯಲ್ಲಿ ನೆವೆಂಕಾ ಎಲ್ಲ ಹೇಳಿದಳು.
ಮೇಜಿನ ಮೇಲೆ ರೊಟ್ಟಿಯಿತ್ತು. ಅದರ ಬೆನ್ನ ಮೇಲೆ
ಕೊಯ್ಯುವ ಮುಂಚೆ ಚಾಕುವಿನ ತುದಿಯಲ್ಲಿ ಎಳೆದ ಶಿಲುಬೆ.
"ಜರಡಿ ಹಿಡಿಯುತ್ತಿದ್ದೆ," ಅಂದಳು ತೇನಾ.
ಸ್ವಲ್ಪ ಹೊತ್ತಿನ ಮೇಲೆ:
"ನನ್ನ ಕೈಯಿಂದಲೇನಾ?"
ನೆವೆಂಕಾ ಕೆಮ್ಮಿದಳು. ಕೆಮ್ಮು ಬಂದಿರಲಿಲ್ಲ.

ಮಗಳು ಯೇಲಾ ಬದುಕಿದ್ದಾಳೆ, ಸೋದರತ್ತೆ ಕೊಟ್ಟ ಪಿಂಡದಿಂದ.
ದಿನಾ ಏಳು ಗಂಟೆಗೆ ಎರಡು ಮಾತ್ರೆ,
ಆ ಕಾವಲುಗಾರ ತೂಕಡಿಸುತ್ತಿರಲಿ ಎಂದು,
ಒಳಗೆ ಬಂದಿರುವ ಅತಿಥಿಯ ಗುರುತು ಕೇಳದಿರಲಿ ಎಂದು.
ಅವನು ಎಚ್ಚರಾದರೂ ಕಷ್ಟ, ಗಾಢವಾಗಿ ಮಲಗಿದರೂ ಕಷ್ಟ;
ನೆಗಡಿಗೂ ಅವಳಿಗೆ ಭಯ.

ನನಗೀಗ ಎಪ್ಪತ್ತೆಂಟು. ಸೈಕಲ್ಲು ಮಾರಿದೆ.
ಬೇಲಿಯ ಮೂಲೆಯಲ್ಲಿ ಅದು ಈಗಲೂ ಚಿಗುರುತ್ತದೆ,
ಎಲೆ ಹೃದಯದಾಕಾರ, ನೋಡಲು ಚೆಂದವೇ.
ಕಿತ್ತಷ್ಟೂ ಬೇರು ಕೆಳಗೆ ನಡೆದುಹೋಗಿರುತ್ತದೆ.
ಕಪಾಟಿನಲ್ಲಿ ಒಂದು ಸೀಸೆ ಉಳಿದಿದೆ, ಹನ್ನೊಂದು ಎಂದು ಬರೆದದ್ದು,
ತೊಳೆದು ಎಷ್ಟೋ ಕಾಲವಾಯಿತು.
ಮೊಮ್ಮಗಳು ಅದರಲ್ಲಿ ಹೂವಿಡಲೇ ಎಂದಳು.
ಬೇಡ ಅಂದೆ.